ಮೂರು ಅಡ್ಡಹೆಸರಿನ ಒಂದೇ ಮನೆ

ಸುಮಾರು ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಆಫೀಸಿನ ರಿಲೀಸು, ಊರಿನ ಓಡಾಟ, ಇವೆರಡರ ನಡುವೆ ಕೂತು ಬರೆಯೋಕೆ ಆಗಿರಲಿಲ್ಲ. ಈಗ ಕೆಲಸ ಮುಗಿದಿದೆ (ಊರಿನದ್ದು, ಆಫೀಸಿನದ್ದು ಮುಗಿಯೋದಲ್ಲ). ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ನಮ್ಮದು ದೇವರ ಹಿಪ್ಪರಗಿ. ಮೊದಲು ಸಿಂದಗಿ ತಾಲೂಕಿನಲ್ಲಿತ್ತು, ಈಗ ನಮ್ಮೂರೇ ತಾಲೂಕು. ವಿಜಾಪುರ ಜಿಲ್ಲೆ 2014ರಲ್ಲಿ ವಿಜಯಪುರ ಆಯಿತು. ಊರಲ್ಲಿ ಬಸ್ಸಿಳಿದು ಬ್ಯಾಗು ಹಾಕಿಕೊಂಡು ನಡೆದರೆ ಕಟ್ಟೆ ಮೇಲೆ ಕೂತ ಯಾರಾದರೊಬ್ಬ ಹಿರಿಯರು ಕೇಳೇ ಕೇಳುತ್ತಾರೆ: "ಯಾರ ಪೈಕಿ ತಮ್ಮಾ ನೀ?" ನನ್ನ ಹೆಸರು ಅವರಿಗೆ ಬೇಕಿಲ್ಲ. ಅಪ್ಪನ ಹೆಸರು ಹೇಳಿದರೂ ಸಾಲದು. "ಕೊಲ್ಹಾರದವ್ರ ಪೈಕಿ" ಅಂದಾಗ ಮುಖ ಅರಳುತ್ತದೆ. "ಹಂಗಂದ್ರ ಅವನ ಮೊಮ್ಮಗ ಏನು ನೀ? ನಿಮ್ಮ ಮುತ್ಯಾ ನಾನು ಕೂಡೇ ಬಿತ್ತಿದವ್ರು" ಅಂತ ಶುರು. ಮುತ್ಯಾ ಅಂದರೆ ಅಜ್ಜ, ಬೇರೆ ಕಡೆಯವರಿಗೆ ಗೊತ್ತಿರಲಿ ಅಂತ ಹೇಳಿದೆ.

ಹೀಗೆ ಬಾಯಿಮಾತಿನಲ್ಲಿ ನಾವು ಯಾರು ಅಂತ ಊರಿಗೆಲ್ಲ ಗೊತ್ತು. ಕಾಗದದಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ. ಮುತ್ಯಾ ತೀರಿಕೊಂಡ ಮೇಲೆ ಹೊಲದ ವಾರಸಾ ಮಾಡಿಸಬೇಕಾಗಿ ಬಂದಾಗ ಇದು ಬಯಲಾಯಿತು. ಆರೂವರೆ ಎಕರೆ ಎರೆಹೊಲ, ಜೋಳ, ತೊಗರಿ. ಉತಾರದಲ್ಲಿ ಮುತ್ಯಾನ ಅಡ್ಡಹೆಸರು ಅಗಸಿಮನಿ. ಅಪ್ಪನ ಶಾಲೆಯ ದಾಖಲೆ, ಆಧಾರ್, ಎಲ್ಲದರಲ್ಲೂ ಕೊಲ್ಹಾರ. ಕಾಕಾನ ಎಲ್ಲ ಕಾಗದದಲ್ಲಿ ಹಿಪ್ಪರಗಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಅವರ ಅಪ್ಪ, ಮೂವರಿಗೂ ಮೂರು ಅಡ್ಡಹೆಸರು! ನಾವು ಹೋದ ಕಚೇರಿಯಲ್ಲಿ ಕೂತವರು ಕಾಗದ ತಿರುವಿ ಹಾಕಿ ಕೇಳಿದರು, "ಇವ್ರು ಮೂರೂ ಮಂದಿ ಒಂದ ಮನಿಯವ್ರು ಅಂತ ನಾ ಹೆಂಗ ನಂಬ್ಲಿ?" ಅಪ್ಪ ಆ ದಿನ ಮನೆಗೆ ಬಂದವರು ಊಟ ಮಾಡಲಿಲ್ಲ. ಅರವತ್ತು ವರ್ಷ ಆ ಹೊಲದಲ್ಲಿ ದುಡಿದವರಿಗೆ ನೀ ನಿನ್ನ ಅಪ್ಪನ ಮಗ ಅನ್ನೋದಕ್ಕೆ ಪುರಾವೆ ತಾ ಅಂದರೆ ಹೇಗಾಗಬೇಡ.

ಆವಾಗ ಹತ್ತಿದ ಹುಚ್ಚು ಇದು. ಈ ಅಡ್ಡಹೆಸರು ಅನ್ನೋದು ಎಲ್ಲಿಂದ ಬಂತು?

ಬೆಂಗಳೂರು ಮೈಸೂರು ಕಡೆಯ ಗೆಳೆಯರಿಗೆ ಇದು ವಿಚಿತ್ರ ಅನ್ನಿಸಬಹುದು. ಅವರಲ್ಲಿ ಹೆಚ್ಚಿನವರಿಗೆ ಅಡ್ಡಹೆಸರೇ ಇಲ್ಲ, ಇನಿಶಿಯಲ್ಲು ಇರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಊರು, ಅಪ್ಪ, ಆಮೇಲೆ ತಾನು. ನಮ್ಮದು ತಿರುವುಮುರುವು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಅಂದರೆ ತಾನು, ಅಪ್ಪ, ಕೊನೆಗೆ ಮನೆತನ. 1956ರವರೆಗೆ ವಿಜಾಪುರ ಇದ್ದದ್ದು ಮುಂಬಯಿ ರಾಜ್ಯದಲ್ಲಿ, ಹಾಗಾಗಿ ಆ ಕಡೆಯ ಪದ್ಧತಿ. ಆಫೀಸಿನಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗ ಮಂಡ್ಯದ ಗೆಳೆಯ 'ಸರ್‌ನೇಮ್' ಅನ್ನೋ ಖಾನೆ ನೋಡಿ ತಲೆ ಕೆರೆದುಕೊಳ್ಳುತ್ತಿದ್ದ. ನಾನು ನಗುತ್ತಿದ್ದೆ. ನನ್ನದು ಖಾನೆಗೆ ಸರಿಯಾಗಿ ಕೂರುವ ಹೆಸರು ಅಂತ ಒಂದು ಜಂಬ. ಆ ಜಂಬ ಇಳಿಯೋದಕ್ಕೆ ವಾರಸಾ ಬರಬೇಕಾಯಿತು :-)

ಇರಲಿ. ನಮ್ಮ ಕಡೆಯ ಅಡ್ಡಹೆಸರುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿದರೆ ಸಾಕು, ಇಡೀ ಊರೇ ಎದ್ದು ಬರುತ್ತದೆ. ಬಡಿಗೇರ, ಕುಂಬಾರ, ಪತ್ತಾರ, ಹೂಗಾರ, ಸಿಂಪಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ. ದೊಡ್ಡಮನಿ, ಹಂಚಿನಮನಿ, ಕಟ್ಟಿಮನಿ. ಪಾಟೀಲ, ಕುಲಕರ್ಣಿ, ದೇಸಾಯಿ, ವಾಲೀಕಾರ, ತಳವಾರ. ಬಾಗವಾನ, ಅತ್ತಾರ, ತಾಂಬೋಳಿ, ನದಾಫ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಂತೂ ಅರ್ಧ ಪುಟ ಬಿರಾದಾರರು. ಒಬ್ಬ ಬಿರಾದಾರ ಹಿಂದೂ, ಪಕ್ಕದ ಬೆಂಚಿನ ಬಿರಾದಾರ ಮುಸಲ್ಮಾನ. ಪಾಟೀಲ, ಇನಾಮದಾರ, ದೇಸಾಯಿ ಹೆಸರುಗಳದ್ದೂ ಅದೇ ಕಥೆ. ಅಡ್ಡಹೆಸರು ನೋಡಿ ದೇವರು ಯಾರು ಅಂತ ಹೇಳೋಕೆ ಬರುವುದಿಲ್ಲ, ಹಿಂದೆ ಮನೆಯಲ್ಲಿ ಯಾವ ಹುದ್ದೆ ಇತ್ತು ಅಂತ ಮಾತ್ರ ಹೇಳಬಹುದು.

ಇನ್ನು ಊರಿನ ಹೆಸರಿನ ಅಡ್ಡಹೆಸರುಗಳು. ಇವುಗಳದ್ದೊಂದು ಮಜಾ ಇದೆ. ಒಂದು ಊರಿನ ಹೆಸರು ಅಡ್ಡಹೆಸರಾಗಿದೆ ಅಂದರೆ ಆ ಮನೆಯವರು ಆ ಊರಲ್ಲಿ ಇಲ್ಲ ಅಂತ ಅರ್ಥ. ಹಿಪ್ಪರಗಿಯಲ್ಲೇ ಇರುವವನನ್ನು ಹಿಪ್ಪರಗಿಯವ ಅಂತ ಯಾರು ಕರೆಯುತ್ತಾರೆ? ಊರು ಬಿಟ್ಟ ಮೇಲೆಯೇ ಊರು ಬೆನ್ನಿಗೆ ಹತ್ತೋದು. ನಮ್ಮ ಹೆಮ್ಮೆಯ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಕಲಬುರ್ಗಿಯಲ್ಲಲ್ಲ, 1938ರಲ್ಲಿ ನಮ್ಮದೇ ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ. ಹಲಸಂಗಿಯ ಮಧುರಚೆನ್ನರ ಅಡ್ಡಹೆಸರು ಗಲಗಲಿ, ಆ ಊರಿರೋದು ಕೃಷ್ಣಾ ನದಿಯ ದಂಡೆ ಮೇಲೆ. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಕಲಬುರ್ಗಿಯವರು ಶಾಸನ, ವಚನಗಳ ಜೊತೆಗೆ ಕನ್ನಡದ ಹೆಸರುಗಳ ಬಗ್ಗೆಯೂ ಸಾಕಷ್ಟು ದುಡಿದವರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಇಂಥ ಪ್ರಶ್ನೆ ಹಿಡಿದುಕೊಂಡು ನಮ್ಮ ಜಿಲ್ಲೆಯ ಹುಡುಗನೊಬ್ಬ ಹೋಗಿ ಬಾಗಿಲು ಬಡಿಯಬಹುದಾಗಿದ್ದ ಮನೆ ಅದು.

ಊರಿನ ಹೆಸರನ್ನೂ ಪೂರ್ತಿ ನಂಬಬೇಡಿ ಮತ್ತೆ. ಹಿಪ್ಪರಗಿ ಅನ್ನೋ ಅಡ್ಡಹೆಸರು ಸಿಕ್ಕರೆ ಯಾವ ಹಿಪ್ಪರಗಿ? ನಮ್ಮದು ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಕಡೆ ಹೂವಿನ ಹಿಪ್ಪರಗಿ ಇದೆ, ಜಮಖಂಡಿ ಕಡೆ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಹಿಪ್ಪರಗಿ ಬೇರೆ. ಅಡ್ಡಹೆಸರಾಗುವಾಗ ದೇವರೂ ಹೂವೂ ಉದುರಿ ಹೋಗಿ ಬರೀ ಹಿಪ್ಪರಗಿ ಉಳಿಯುತ್ತದೆ.

ಹಾಗಾದರೆ ಇದನ್ನೆಲ್ಲ ಗಟ್ಟಿ ಮಾಡಿದವರು ಯಾರು? ನನಗೆ ತಿಳಿದ ಮಟ್ಟಿಗೆ ಪೆನ್ನು ಹಿಡಿದವರು. ಮೊದಲು ಗಟ್ಟಿಯಾದದ್ದು ವತನ ಇದ್ದವರ ಹೆಸರು. ಗೌಡಿಕೆ, ಕುಲಕರ್ಣಿಕೆ, ದೇಸಗತಿ ಅಪ್ಪನಿಂದ ಮಗನಿಗೆ ಬರುತ್ತಿದ್ದ ಹುದ್ದೆಗಳು, ಅದರ ಜೊತೆ ಇನಾಮು ಹೊಲ. ಬ್ರಿಟಿಷರು 1874ರಲ್ಲಿ ಮುಂಬಯಿ ಪ್ರಾಂತಕ್ಕೆ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಅಂತ ತಂದು, ಯಾವ ಮನೆತನ ವತನದಾರರು, ಅದರಲ್ಲಿ ಯಾವ ಕವಲಿನ ಯಾರು ಚಾಕರಿ ಮಾಡಬೇಕು ಅಂತ ರಿಜಿಸ್ಟರ್ ಬರೆಸಿದರು. ಮನೆತನದ ಹೆಸರು ಅಂದರೆ ರೊಕ್ಕ, ಹೊಲ, ಮಾನ ಎಲ್ಲ. ಅಂಥವರು ಹೆಸರು ಬಿಟ್ಟುಕೊಡುತ್ತಾರೆಯೇ? ಸ್ವಾತಂತ್ರ್ಯ ಬಂದ ಮೇಲೆ 1950ರ ಕಾಯಿದೆಯಿಂದ ಕುಲಕರ್ಣಿ ವತನ ಹೋಯಿತು, 1963ರಲ್ಲಿ ಉಳಿದ ಗ್ರಾಮ ವತನಗಳೂ ಹೋದವು. ಹುದ್ದೆ ಹೋಗಿ ಅರವತ್ತೆಪ್ಪತ್ತು ವರ್ಷ ಆದರೂ ಹೆಸರು ಮಾತ್ರ ಕೂತಲ್ಲೇ ಕೂತಿದೆ. ನನ್ನ ಟೀಮಿನಲ್ಲೇ ಒಬ್ಬ ಕುಲಕರ್ಣಿ ಇದ್ದಾನೆ, ಲೆಕ್ಕ ಬರೆಯೋದು ಬಿಡಿ, ಟೈಮ್‌ಶೀಟ್ ತುಂಬೋದಕ್ಕೂ ಮೂರು ಸಲ ನೆನಪು ಮಾಡಬೇಕು.

ಹುದ್ದೆ ಇಲ್ಲದವರ ಹೆಸರು ಗಟ್ಟಿಯಾದದ್ದು ಶಾಲೆಯಲ್ಲಿ. ಹಳೇ ಮುಂಬಯಿ ಗೆಜೆಟಿಯರ್ ಮಾಲಿಕೆಯ ವಿಜಾಪುರದ ಸಂಪುಟ 1884ರಲ್ಲಿ ಬಂತು. ಅದರಲ್ಲಿ ಕೆಲವು ಸಮುದಾಯಗಳಿಗೆ ಮನೆತನದ ಹೆಸರುಗಳ ಪಟ್ಟಿ ಇದೆ, ಇನ್ನು ಕೆಲವರಿಗೆ ಅಂಥ ಹೆಸರಿಲ್ಲ, ಊರು ಕಸುಬು ಹೇಳಿಕೊಳ್ಳುತ್ತಾರೆ ಅನ್ನೋ ಧಾಟಿಯಲ್ಲಿದೆ. ಹಾಗೆ ಹೆಸರು ಗಟ್ಟಿಯಾಗದ ಮನೆಗಳ ಮಕ್ಕಳು ಶಾಲೆಗೆ ಬಂದಾಗ ಮಾಸ್ತರು ಖಾನೆ ತುಂಬಲೇಬೇಕಲ್ಲ? ಅಪ್ಪನದ್ದು ಹೀಗಾಯಿತಂತೆ. ಒಂದನೇ ಇಯತ್ತೆಗೆ ಹೆಸರು ಹಚ್ಚಲು ಕರೆದುಕೊಂಡು ಹೋದದ್ದು ಆಯಿ, ಅಂದರೆ ಅಪ್ಪನ ಅವ್ವ. ಮಾಸ್ತರು "ನಿಮ್ಮ ಮನಿಗೆ ಏನಂತಾರವಾ?" ಅಂದರು. ಆಯಿ ಊರಲ್ಲಿ ಅಂದದ್ದನ್ನೇ ಹೇಳಿದಳು, "ಕೊಲ್ಹಾರದವ್ರು ಅಂತಾರ್ರೀ." ಬರೆದರು. ಮುಗೀತು. ಉತಾರದಲ್ಲಿ ಏನಿದೆ ಅಂತ ಆಯಿಗೆ ಓದೋಕೂ ಬರುತ್ತಿರಲಿಲ್ಲ, ಮಾಸ್ತರಿಗೆ ಕೇಳೋ ಜರೂರೂ ಇರಲಿಲ್ಲ. ಕಾಕಾ ಓದಿದ್ದು ವಿಜಾಪುರದಲ್ಲಿ, ಹಾಸ್ಟೆಲಿನಲ್ಲಿ ಇದ್ದುಕೊಂಡು. ಅಲ್ಲಿ "ಯಾವೂರು?" ಅಂದರು, "ಹಿಪ್ಪರಗಿ" ಅಂದ. ಅಷ್ಟೇ. ಹತ್ತು ವರ್ಷದ ಹುಡುಗ ಒಂದು ಶಬ್ದದ ಉತ್ತರ ಕೊಟ್ಟ, ಐವತ್ತು ವರ್ಷದ ನಂತರ ಅದು ಹೊಲಕ್ಕೆ ಅಡ್ಡ ಬಂತು.

ನಮಗಾದದ್ದು ತೊಂದರೆ ಮಾತ್ರ. ಇದೇ ಪೆನ್ನು ಕೆಲವರಿಗೆ ಗಾಯ ಮಾಡಿದೆ. ನಮ್ಮ ಊರ ಕಡೆ ಎಷ್ಟೋ ದಲಿತ ಮಕ್ಕಳ ಅಡ್ಡಹೆಸರಿನ ಖಾನೆಯಲ್ಲಿ ಮಾಸ್ತರು ಜಾತಿಯನ್ನೇ ಬರೆದು ಕೈ ತೊಳೆದುಕೊಂಡರು. ಅವರ ಮನೆಗಳಿಗೂ ಊರಲ್ಲಿ ಬೇರೆ ಹೆಸರುಗಳಿದ್ದವು, ಕೇಳಲಿಲ್ಲ ಅಷ್ಟೇ. ನನ್ನ ಜೊತೆ ಓದಿದ ಗೆಳೆಯನೊಬ್ಬ ಇಂಜಿನಿಯರಿಂಗ್ ಮುಗಿಸಿದ ಮೇಲೆ ಗೆಜೆಟ್ಟಿನಲ್ಲಿ ಕೊಟ್ಟು ಹೆಸರು ಬದಲಿಸಿಕೊಂಡ. ಅವನ ಅಪ್ಪನ ಹಳೇ ಹೆಸರಿಗೂ ಇವನ ಹೊಸ ಹೆಸರಿಗೂ ಕೊಂಡಿ ಹುಡುಕುತ್ತಾ ನೂರು ವರ್ಷದ ನಂತರ ಯಾರಾದರೂ ಕೂತರೆ ಅವರಿಗೆ ಏನೂ ಸಿಗುವುದಿಲ್ಲ. ಸಿಗದಿರಲಿ ಅಂತಲೇ ಅವನ ಆಸೆ. ಮನೆತನ ಹುಡುಕೋದು ಎಲ್ಲರಿಗೂ ಒಂದೇ ಥರದ ಸಂತೋಷ ಅಲ್ಲ ಅನ್ನೋದು ನನಗೆ ಅವನ ಜೊತೆ ಮಾತಾಡುವಾಗ ಗೊತ್ತಾಯಿತು.

ನಮ್ಮೂರಿನ ಮಾಚಿದೇವರನ್ನು ನೋಡಿ. ಹನ್ನೆರಡನೇ ಶತಮಾನದ ಶರಣರ ಹೆಸರುಗಳಲ್ಲಿ ಕಸುಬು ಮುಂದಿರುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ. ಅಪ್ಪಣ್ಣ ಬಸವಣ್ಣನವರ ಎಲೆಯಡಿಕೆ ಚೀಲ, ಅಂದರೆ ಹಡಪ ಹಿಡಿಯುತ್ತಿದ್ದವರು. ಒಬ್ಬ ಮನುಷ್ಯ ಕೈಯಾರೆ ಮಾಡುತ್ತಿದ್ದ ಕೆಲಸ ಅದು. ಇವತ್ತು ಹಡಪದ ಅನ್ನೋದು ಒಂದು ಇಡೀ ಸಮುದಾಯದ ಹೆಸರು, ಅಡ್ಡಹೆಸರು ಕೂಡ. ಇತ್ತ ನಮ್ಮ ಕಡೆ ಮಡಿವಾಳಪ್ಪ ಅನ್ನೋ ಹೆಸರು ಬೇರೆ ಬೇರೆ ಸಮುದಾಯದ ಮನೆಗಳಲ್ಲಿದೆ. ಕಲಬುರ್ಗಿಯವರ ಇನಿಶಿಯಲ್ಲಿನ ಎರಡನೇ 'ಎಂ' ಅದೇ, ಅವರ ತಂದೆಯ ಹೆಸರು ಮಡಿವಾಳಪ್ಪ. ಒಂದು ಕಡೆ ಕೆಲಸ ಜಾತಿಯಾಯಿತು, ಇನ್ನೊಂದು ಕಡೆ ಜಾತಿಯ ಗಡಿ ದಾಟಿದ ಹೆಸರಾಯಿತು.

ಈ ಓಡಾಟದ ಮಧ್ಯೆ ಆಫೀಸಿನ ಒಂದು ಕಾಲ್‌ನಲ್ಲಿ ರಜೆ ಯಾಕೆ ಅಂತ ಹೇಳಬೇಕಾಯಿತು. ನಮ್ಮ ಕ್ಲೈಂಟ್ ಕಡೆಯವರೊಬ್ಬರು ಬ್ರಿಟನ್ನಿನ ವೇಲ್ಸ್ ನಾಡಿನವರು, ಕಾರ್ಡಿಫಿನಲ್ಲಿರುತ್ತಾರೆ, ಅಡ್ಡಹೆಸರು ಪ್ರೈಸ್. ಮೂರು ಅಡ್ಡಹೆಸರಿನ ಕಥೆ ಕೇಳಿ ಅವರು ನಕ್ಕು, ಇದು ನಮ್ಮ ಮನೆಯ ಕಥೆಯೇ, ಏನಿದ್ದರೂ ಇನ್ನೂರು ವರ್ಷ ಹಳೇದು ಅಂದರು. ಆಮೇಲೆ ಕಾಲ್ ಮುಗಿದ ಮೇಲೂ ಅರ್ಧ ಗಂಟೆ ಮಾತಾಡಿದೆವು. ಪಾಪ, ಬೇರೆಯವರು ಒಬ್ಬೊಬ್ಬರಾಗಿ ಜಾರಿಕೊಂಡರು.

ವೇಲ್ಸಿನಲ್ಲಿ ಹಿಂದೆ ಅಡ್ಡಹೆಸರೇ ಇರಲಿಲ್ಲವಂತೆ. ಇಂಥವನು 'ಆಪ್' ಇಂಥವನು, ಅಂದರೆ ಇಂಥವನ ಮಗ. ಹೆಣ್ಣುಮಕ್ಕಳಿಗೆ 'ಫರ್ಖ್' ಅನ್ನೋ ಹತ್ತಿರದ ಒಂದು ಶಬ್ದ, ಇಂಥವನ ಮಗಳು. ಬೇಕಾದರೆ ಅಪ್ಪನ ಅಪ್ಪ, ಅವನ ಅಪ್ಪ ಅಂತ ಸರಪಳಿ ಉದ್ದ ಮಾಡಿಕೊಂಡು ಹೋಗೋದು. 1194ರ ಸುಮಾರಿಗೆ ವೇಲ್ಸಿನ ಬಗ್ಗೆ ಪುಸ್ತಕ ಬರೆದ ಜೆರಾಲ್ಡ್ ಅನ್ನೋ ಪಾದ್ರಿ, ಇಲ್ಲಿನ ಸಾಮಾನ್ಯ ಜನಕ್ಕೂ ಆರೇಳು ತಲೆಮಾರು ಬಾಯಿಪಾಠ ಅಂತ ಬರೆದಿದ್ದಾನೆ. ಸುಮ್ಮನೆ ಜಂಬಕ್ಕಲ್ಲ. ಅವರ ಹಳೇ ಕಾನೂನಿನಲ್ಲಿ ಹೊಲದ ಪಾಲು, ಕೊಲೆಯಾದರೆ ಕೊಡಬೇಕಾದ ದಂಡ, ಎಲ್ಲ ಯಾರು ಎಷ್ಟು ಹತ್ತಿರದ ಬಂಧು ಅನ್ನೋದರ ಮೇಲೆ ನಿಂತಿತ್ತು. ವಂಶಾವಳಿ ನೆನಪಿಡೋದೇ ಕವಿಗಳ ಒಂದು ಕಸುಬು.

ಎಂಟನೇ ಹೆನ್ರಿ 1536 ಮತ್ತು 1543ರ ಕಾಯಿದೆಗಳಿಂದ ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಸೇರಿಸಿಕೊಂಡ. ಕೋರ್ಟಿನ ಭಾಷೆ ಇಂಗ್ಲಿಷ್, ಬರೆಯೋರಿಗೆ ಈ ಆಪ್‌ಗಳ ಸರಪಳಿ ದೊಡ್ಡ ಕಿರಿಕಿರಿ. ಒಂದು ಕಥೆ ಇದೆ. ಬಿಷಪ್ ರೋಲೆಂಡ್ ಲೀ ನ್ಯಾಯಕ್ಕೆ ಕೂತಾಗ ಥಾಮಸ್ ಆಪ್ ರಿಚರ್ಡ್ ಆಪ್ ಹೌವೆಲ್ ಅಂತ ಕರೆಸಿಕೊಂಡ ಒಬ್ಬ ಜಮೀನುದಾರ ಬಂದ. ಬಿಷಪ್ಪನಿಗೆ ಸಾಕಾಗಿ, ನಿಮ್ಮ ಕೊನೆಯ ಹೆಸರನ್ನೋ ಇರುವ ಜಾಗದ ಹೆಸರನ್ನೋ ಇಟ್ಟುಕೊಂಡು ಮುಗಿಸಿ ಅಂದನಂತೆ. ಅವನ ಜಾಗ ಮೋಸ್ಟಿನ್, ಅಂದಿನಿಂದ ಅವನ ಮನೆತನ ಮೋಸ್ಟಿನ್. ನಮ್ಮ ಕಾಕಾನಿಗೆ ಹಾಸ್ಟೆಲಿನಲ್ಲಿ ಆದದ್ದು ಬೇರೆ ಏನು?

ಉಳಿದವರಲ್ಲಿ ಆಪ್ ಅನ್ನೋದು ಅಪ್ಪನ ಹೆಸರಿಗೆ ಅಂಟಿಕೊಂಡಿತು. ಆಪ್ ರೈಸ್ ಹೋಗಿ ಪ್ರೈಸ್, ಆಪ್ ಹೌವೆಲ್ ಹೋಗಿ ಪೊವೆಲ್, ಆಬ್ ಓವೆನ್ ಹೋಗಿ ಬೋವೆನ್. ಜಾನ್‌ನ ಮಗ ಜೋನ್ಸ್. ಇದು ವೇಲ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರು, ತಮಾಷೆ ಅಂದರೆ ಅವರ ಹಳೇ ವರ್ಣಮಾಲೆಯಲ್ಲಿ ಜಕಾರದ ಆ ಅಕ್ಷರವೇ ಇರಲಿಲ್ಲ. ಒಂದೇ ಹಳ್ಳಿಯಲ್ಲಿ ಇಪ್ಪತ್ತು ಜೋನ್ಸ್ ಆದಾಗ ಮತ್ತೆ ರೊಟ್ಟಿ ಜೋನ್ಸ್, ಹಾಲಿನ ಜೋನ್ಸ್ ಅಂತ ಕರೆಯೋಕೆ ಶುರು ಮಾಡಿದರು. ಹಳ್ಳಿಗಾಡಿನಲ್ಲಿ ಹತ್ತೊಂಬತ್ತನೇ ಶತಮಾನದವರೆಗೂ ಹಳೇ ಪದ್ಧತಿ ಪೂರ್ತಿ ಹೋಗಿರಲಿಲ್ಲ. ಅಪ್ಪನ ಸ್ವಂತ ಹೆಸರು ಒಬ್ಬ ಮಗನ ಅಡ್ಡಹೆಸರು, ಅಪ್ಪನ ಅಡ್ಡಹೆಸರು ಇನ್ನೊಬ್ಬನದು, ಹೀಗೆ ಒಡಹುಟ್ಟಿದವರೇ ಬೇರೆ ಬೇರೆ ಹೆಸರಲ್ಲಿ ಚರ್ಚಿನ ರಿಜಿಸ್ಟರಿನಲ್ಲಿ ಸಿಗುತ್ತಾರೆ. ಪ್ರೈಸ್ ಅವರು ಕೊಟ್ಟ ಸಲಹೆ ಒಂದೇ: ಅಡ್ಡಹೆಸರು ಹಿಡಿದು ಹಿಂದೆ ಹೋಗಬೇಡ, ಹೊಲ ಹಿಡಿದು ಹೋಗು.

ಆಪ್ ಅಂದ ಕೂಡಲೇ ನನಗೆ ನಮ್ಮ 'ಬಿನ್' ನೆನಪಾಯಿತು. ಹಳೇ ಕಾಗದಗಳಲ್ಲಿ ಇಂಥವ ಬಿನ್ ಇಂಥವ, ಇಂಥವಳು ಕೋಂ ಇಂಥವ ಅಂತ ಇರುತ್ತಲ್ಲ. ಬಿನ್ ಅರಬ್ಬಿ ಶಬ್ದ, ಸುಲ್ತಾನರ ಕಾಲದ ದಫ್ತರಗಳ ದಾರಿಯಿಂದ ಬಂದದ್ದು. ಈಗ ನಮ್ಮ ಕಡೆ 'ತಂದೆ', 'ಗಂಡ' ಅಂತ ಬರೆಯುತ್ತಾರೆ. ಇದರಲ್ಲೊಂದು ವ್ಯತ್ಯಾಸ ಗಮನಿಸಿ. ವೇಲ್ಸಿನ ಹೆಣ್ಣುಮಗಳು ಮದುವೆಯಾದ ಮೇಲೂ ಇಂಥವನ ಮಗಳಾಗಿಯೇ ಕಾಗದದಲ್ಲಿ ಇರುತ್ತಿದ್ದಳು. ನಮ್ಮಲ್ಲಿ ಕೋಂ ಬಿದ್ದ ಕೂಡಲೇ ಅವಳ ತವರು ಅಳಿಸಿ ಹೋಗುತ್ತದೆ.

ಇನ್ನು ನಮ್ಮಲ್ಲೂ ವಂಶಾವಳಿ ನೆನಪಿಡೋದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ, ಹೆಳವರು. ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರು ಹೇಳೋರು. ಯಾವ ಬೆಡಗು, ಮೂಲ ಊರು ಯಾವುದು, ಯಾರಿಗೆ ಎಷ್ಟು ಮಕ್ಕಳು, ಎಲ್ಲ. ಹಿಂದಿನ ಸಲದಿಂದ ಹುಟ್ಟಿದವರ ಹೆಸರು ಸೇರಿಸಿಕೊಂಡು, ಜೋಳ, ಬಟ್ಟೆ, ರೊಕ್ಕ ಪಡೆದು ಮುಂದಿನೂರಿಗೆ. ಹೆಳವ ಅಂದರೆ ಕುಂಟ. ನಡೆಯಲಾರದವನಿಗೆ ಬಸವಣ್ಣ ಎತ್ತು ಕೊಟ್ಟ ಅನ್ನೋ ಕಥೆ ಅವರದ್ದು. ತೆಲುಗು ನಾಡಿನಲ್ಲಿ ಇವರಿಗೆ ಪಿಚ್ಚಿಗುಂಟಲ ಅಂತಾರೆ, 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಬರೆದ ಸಂಪುಟಗಳಲ್ಲಿ ಇವರ ವಿವರ ಇದೆ. ಚಿಕ್ಕವನಿದ್ದಾಗ ಹೆಳವ ಬಂದರೆ ನಾವು ಗಂಟೆಯ ಸದ್ದಿಗೆ ಓಡಿಹೋಗಿ ಎತ್ತು ನೋಡುತ್ತಿದ್ದೆವು, ಹೆಸರು ಯಾರು ಕೇಳುತ್ತಿದ್ದರು.

ನಮ್ಮ ಮನೆಯ ಹೆಳವರು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾರೆ. ಫೋನ್ ನಂಬರ್ ಅಪ್ಪನ ಹತ್ತಿರ ಇತ್ತು. ಫೋನ್ ಮಾಡಿ ಕರೆಸೋಣ ಅಂದರೆ ಅಪ್ಪ ಒಪ್ಪಲಿಲ್ಲ. "ಕೆದಕಬ್ಯಾಡ, ಹಳೇದು ಏನರ ಬಂತಂದ್ರ ಯಾರಿಗೆ ಚಂದ?" ಕಾಕಾನಿಗೂ ಒಳಗೊಂದು ನೋವಿತ್ತು. ಅವನು ಹಿಪ್ಪರಗಿ ಅಂತ ಬರೆಸಿಕೊಂಡದ್ದು ಮನೆತನದ ಹೆಸರು ಬೇಡ ಅಂತ, ಬೇರೆ ಆಗೋ ಮನಸ್ಸು ಆಗಲೇ ಇತ್ತು ಅಂತ ಬೀಗರ ಕಡೆ ಎಂದೋ ಯಾರೋ ಆಡಿದ್ದು ಇನ್ನೂ ಮನಸ್ಸಿನಲ್ಲಿತ್ತು. ಕೊನೆಗೆ ಅವನೇ "ಕರಸು, ಏನ ಅದ ನೋಡೇ ಬಿಡೂಣು" ಅಂದ.

ಹಿರಿಯರೊಬ್ಬರು ಬಂದರು. ಎತ್ತಲ್ಲ, ಮಗನ ಬೈಕಿನ ಹಿಂದೆ ಕೂತು. ಬಗಲಲ್ಲಿ ಗಂಟು, ಅದರಲ್ಲಿ ರಟ್ಟು ಹರಿದ ವಹಿ. ಪಡಸಾಲೆಯಲ್ಲಿ ಕಂಬಳಿ ಹಾಸಿದೆವು. ನೀರು ಕುಡಿದು, ದೇವರನ್ನು ನೆನೆದು, ಒಂದೇ ರಾಗದಲ್ಲಿ ಶುರು ಮಾಡಿದರು. ಹೆಸರು, ಹೆಸರಿನ ಮಕ್ಕಳು, ಅವರ ಮಕ್ಕಳು. ಅದರ ನಡುವೆ ಒಂದು ಸಾಲು ಬಂತು. ನಾನು ತಡೆದು ಇನ್ನೊಮ್ಮೆ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. "ಕೊಲ್ಹಾರ ಬಿಟ್ಟು ಬಂದು ಹಿಪ್ಪರಗಿ ಅಗಸಿಮನಿಯೊಳಗ ಅಳಿಯಾಗಿ ಕುಂತ." ನಮ್ಮ ಮೂರೂ ಅಡ್ಡಹೆಸರು ಒಂದೇ ಉಸಿರಿನಲ್ಲಿ!

ಕೂತವ ನನ್ನ ಮುತ್ಯಾನ ಮುತ್ಯಾ. ಹಿಪ್ಪರಗಿಯ ಒಂದು ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ, ಒಬ್ಬಳೇ ಮಗಳು. ಕೊಲ್ಹಾರದ ಹುಡುಗ ಮನೆ ಅಳಿಯನಾಗಿ ಬಂದ. ಹೊಲ ಮಾವನದು, ಹಾಗಾಗಿ ಕಾಗದದಲ್ಲಿ ಮಾವನ ಮನೆಯ ಹೆಸರು ಮುಂದುವರಿಯಿತು. ಊರ ಬಾಯಲ್ಲಿ ಮಾತ್ರ ಅವನ ಮಕ್ಕಳು ಮೊಮ್ಮಕ್ಕಳು ಕೊಲ್ಹಾರದವರಾಗೇ ಉಳಿದರು.

ಅಗಸಿಮನಿ ಬಗ್ಗೆ ನನ್ನ ತಪ್ಪು ಕಲ್ಪನೆಯೂ ಅವತ್ತೇ ಹೋಯಿತು. ಬೆಂಗಳೂರಿನಲ್ಲಿ ಈ ಹೆಸರು ಹೇಳಿದರೆ ಅಗಸರ ಮನೆಯಾ ಅಂತಾರೆ, ಮಾಚಿದೇವರ ಊರು ಬೇರೆ, ನಾನೂ ಇರಬಹುದು ಅಂದುಕೊಂಡಿದ್ದೆ. ಆಮೇಲೆ ಅಗಸಿ ಅಂದರೆ ನಾವು ಹಿಂಡಿ ಮಾಡಿ ತಿನ್ನೋ ಅಗಸಿ ಇರಬೇಕು, ಎಣ್ಣೆ ವ್ಯಾಪಾರ ಇತ್ತೇನೋ ಅಂತ ಒಂದು ಥಿಯರಿ ಕಟ್ಟಿದ್ದೆ. ಹೆಳವರು ನಕ್ಕುಬಿಟ್ಟರು. "ಊರ ಅಗಸಿ ತಮ್ಮಾ, ಊರ ಬಾಗಿಲಾ. ಅಗಸಿ ಮಗ್ಗಲದ ಮನಿ." ಹಿಂದೆ ಗೋಡೆ ಇದ್ದ ಊರಿಗೆಲ್ಲ ಅಗಸಿ ಇರುತ್ತಿತ್ತು, ಅದರ ಪಕ್ಕ ಯಾವುದೋ ಮನೆ ಇರುತ್ತಿತ್ತು. ಹಾಗಾಗಿ ಎರಡು ಊರಿನ ಅಗಸಿಮನಿಯವರು ಬಂಧುಗಳಾಗಲೇಬೇಕು ಅಂತ ಏನೂ ಇಲ್ಲ.

ಹೆಳವರ ವಹಿ ಕಚೇರಿಗೆ ಪುರಾವೆ ಆಗುವುದಿಲ್ಲ. ಆದರೆ ಏನು ಹುಡುಕಬೇಕು ಅಂತ ತಿಳಿಯಿತು. ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯ ನಂತರ ಹೊಲದ ಹಕ್ಕು ಯಾರಿಂದ ಯಾರಿಗೆ ಹೋಯಿತು ಅಂತ ಬರೆಯೋ ಪುಸ್ತಕ ಶುರುವಾಯಿತು, ನಮ್ಮ ಕಡೆ ಅದಕ್ಕೆ ಡೈರಿ ಅಂತಾರೆ. ಅರ್ಜಿ ಕೊಟ್ಟು, ಐದಾರು ಸಲ ಓಡಾಡಿ, 1920ರ ದಶಕದ ಒಂದು ನಕಲು ಸಿಕ್ಕಿತು. ಮಾವ ಸತ್ತ ಮೇಲೆ ಹೊಲ ಬಂದದ್ದು ಅಳಿಯನಿಗಲ್ಲ, ಮಗಳಿಗೆ. ಮುಂಬಯಿ ಪ್ರಾಂತದ ಹಿಂದೂ ಕಾನೂನಿನಲ್ಲಿ ಅಪ್ಪನಿಗೆ ಗಂಡುಮಕ್ಕಳೂ ಹೆಂಡತಿಯೂ ಇಲ್ಲದಿದ್ದರೆ ಆಸ್ತಿ ಮಗಳಿಗೆ ಪೂರ್ತಿ ಒಡೆತನದಲ್ಲಿ ಬರುತ್ತಿತ್ತು, ಬೇರೆ ಪ್ರಾಂತಗಳಲ್ಲಿ ಅವಳು ಬದುಕಿರುವ ತನಕ ಅನುಭವಿಸಬಹುದಿತ್ತು ಅಷ್ಟೇ. ಆ ಕಾಗದದಲ್ಲಿ ಅವಳ ಹೆಸರು, ಮುಂದೆ ಕೋಂ, ಗಂಡನ ಹೆಸರು, ಕೊಲ್ಹಾರ. ಪಕ್ಕದಲ್ಲಿ ಅವಳ ಅಪ್ಪ, ಅಗಸಿಮನಿ. (ಮನೆಯವರು ಬೇಡ ಅಂದಿದ್ದರಿಂದ ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ.) ಹೆಳವರ ವಹಿಯಲ್ಲಿ ಅವಳು ಬರೀ 'ಅಗಸಿಮನಿ ಮಗಳು'. ನಾಲ್ಕು ತಲೆಮಾರು ನಾವು ಉಂಡ ಹೊಲ ಅವಳದ್ದು, ಅವಳ ಹೆಸರು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ಆ ನಕಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಮುತ್ಯಾನ ಆಯಿ" ಅಂದರು, ಅಷ್ಟೇ. ಅದಕ್ಕಿಂತ ಹಿಂದಿನ ಕಾಗದಗಳು ಮೋಡಿ ಲಿಪಿಯಲ್ಲಿವೆ, ಅಲ್ಲಿಗೆ ನನ್ನ ಓಟ ನಿಂತಿತು.

ಆ ನಕಲು, ಒಂದು ಅಫಿಡವಿಟ್ಟು, ಊರಿನ ಹಿರಿಯರ ಪಂಚನಾಮೆ, ಇಷ್ಟು ಸೇರಿ ವಂಶಾವಳಿ ಆಯಿತು, ವಾರಸಾ ಆಯಿತು. ಪಂಚನಾಮೆಗೆ ಸಹಿ ಹಾಕಿದವರಲ್ಲಿ ಒಬ್ಬರು ಕಟ್ಟೆ ಮೇಲೆ ಕೂತು ಯಾರ ಪೈಕಿ ಅಂತ ಕೇಳೋರೇ. ಉತಾರದಲ್ಲಿ ಈಗ ಅಪ್ಪ ಮತ್ತು ಕಾಕಾನ ಹೆಸರು ಒಂದರ ಕೆಳಗೊಂದು ಇವೆ, ಕೊಲ್ಹಾರ ಒಂದು, ಹಿಪ್ಪರಗಿ ಒಂದು. ಅಗಸಿಮನಿ ನೂರು ವರ್ಷದ ಮೇಲೆ ಉತಾರದಿಂದ ಹೋಯಿತು.

ಕೊಲ್ಹಾರಕ್ಕೂ ಒಮ್ಮೆ ಹೋಗಿ ಬಂದೆ. ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ, ಜನ ಇರೋದು ಮೇಲೆ ಕಟ್ಟಿದ ಹೊಸ ಊರಿನಲ್ಲಿ. ಗಡಿಗೆಯಲ್ಲಿ ಮಾರುವ ಮೊಸರಿಗೆ ಹೆಸರಾದ ಊರು. ನಮ್ಮವರು ಯಾವ ಓಣಿಯಿಂದ ಹೊರಟರು ಅಂತ ಕೇಳಿದೆ, ಒಬ್ಬರು ನೀರಿನ ಕಡೆ ಕೈ ತೋರಿಸಿದರು. ಮೊಸರು ತಿಂದು ಬಂದೆ.

ಅಂದ ಹಾಗೆ, ಹೆಳವರು ಬಂದ ದಿನದ್ದು ಒಂದು ಹೇಳೋದು ಮರೆತೆ. ಅಣ್ಣನಿಗೆ ಎರಡು ವರ್ಷದ ಮಗಳಿದ್ದಾಳೆ. ಗಂಡುಮಕ್ಕಳ ಹೆಸರೆಲ್ಲ ಬರೆದುಕೊಂಡು ಅವರು ವಹಿ ಕಟ್ಟುವಾಗ ವೈನಿ ಒಳಗಿಂದ ಬಂದು "ಇಕಿ ಹೆಸರು?" ಅಂದಳು. "ಹೆಣ್ಣುಹುಡುಗ್ರದು ಬರೆಯಂಗಿಲ್ಲವ್ವ, ಕೊಟ್ಟ ಮನಿಯೊಳಗ ಹೋಗ್ತದ." ವೈನಿ ಬಾಗಿಲು ಬಿಟ್ಟು ಕದಲಲಿಲ್ಲ. "ಅಗಸಿಮನಿ ಮಗಳ ಹೊಲಾನ ಉಣ್ಣಾಕತ್ತೀವಿ ಅಂತ ಈಗರೇ ನೀವ ಹೇಳಿದ್ರಿ." ಹಿರಿಯರು ಅಪ್ಪನ ಮುಖ ನೋಡಿದರು, ಅಪ್ಪ ನೆಲ ನೋಡಿದರು, ಕಾಕಾ "ಬರೀರಿ" ಅಂದ. ವಹಿ ಮತ್ತೆ ಬಿಚ್ಚಿದರು. ಅಡ್ಡಹೆಸರು ಯಾವುದು ಹಾಕಿಸೋದು ಅಂತ ನಾವು ಮೂರೂ ಜನ ಒಟ್ಟಿಗೆ ಬಾಯಿ ತೆರೆದೆವು. "ನಮ್ಮ ವಹಿಯೊಳಗ ಅಡ್ಡಹೆಸ್ರ ಇರಂಗಿಲ್ರೀ, ಯಾರ ಮಗಳು ಅನ್ನೂದಷ್ಟ" ಅಂದು ಅಣ್ಣನ ಹೆಸರು ಬರೆದರು. ವೈನಿ ತನ್ನ ಹೆಸರನ್ನೂ ಬರೆಸಿದಳು. ಅದಕ್ಕೆ ಬೇರೆ ನೂರು ರೂಪಾಯಿ ತೆಗೆದುಕೊಂಡರು.

ನಿಮ್ಮ ಮನೆಗೆ ಊರಲ್ಲಿ ಏನಂತಾರೆ, ಕಾಗದದಲ್ಲಿ ಏನಿದೆ? ಬರೆದು ತಿಳಿಸಿ. ಅಗಸಿಮನಿ ಅಡ್ಡಹೆಸರಿನವರು ಯಾರಾದರೂ ಓದುತ್ತಿದ್ದರೆ, ನಿಮ್ಮದು ಯಾವ ಊರಿನ ಅಗಸಿ ಅನ್ನೋದನ್ನು ಮಾತ್ರ ಮರೆಯದೇ ಹೇಳಿ.